ಶ್ರೀರಮೆಯ ಹಾಜರಿ

ಶ್ರೀರಮೆಯ ಓದಿನಲ್ಲಿ ನನ್ನ ತೋರುಬೆರಳಿನ ಪಾಲೆಷ್ಟು ಎಂಬುದು ಅವಳ ಕಾಲೇಜಿನವರಿಗೆ ಗೊತ್ತಿಲ್ಲ. ಗೊತ್ತಾಗಿದ್ದರೆ ಅದಕ್ಕೂ ಒಂದು ಶಿಕ್ಷೆ ಹುಡುಕಿ ಕೊಡುತ್ತಿದ್ದರು. ಆ ಕಾಲೇಜಿನ ಹೆಸರನ್ನು ನಾನು ಹೇಳುವುದಿಲ್ಲ. ದಕ್ಷಿಣದಲ್ಲೆಲ್ಲೋ ಇದೆಯಂತೆ. ಅದರ ಗೋಡೆ ಬೆಂಚುಗಳನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಬರಿಯ ಫೋನಿನೊಳಗೆ ನಡೆಯುವ ಕಾಲೇಜಿಗೆ ನನ್ನಿಂದ ಪುಕ್ಕಟೆ ಪ್ರಚಾರ ಯಾಕೆ?

ಕಾಶಿಯ ಹನುಮಾನ್ ಘಾಟಿನ ಗಲ್ಲಿಯಲ್ಲಿ ಕೃಷ್ಣಮೂರ್ತಿ ಆಚಾರ್ಯರ ಮನೆ ಇದೆ. ಊರ ಕಡೆಯಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವ ಮನೆ. ಆಚಾರ್ಯರ ಅಜ್ಜನ ಕಾಲದಿಂದ ಇದೇ ಕೆಲಸ. ನಡುವೆ ತೆರೆದ ಅಂಗಳ, ಸುತ್ತ ಕೋಣೆಗಳು, ಮಹಡಿಯಲ್ಲಿ ಅಂಗಳದ ಮೇಲೆ ನಡೆದಾಡಲು ಕಬ್ಬಿಣದ ಜಾಲರಿ. ಈ ಊರಿನ ಹಳೆಯ ಮನೆಗಳೆಲ್ಲ ಹೀಗೆಯೇ. ಕೆಳಗೆ ಯಾರಾದರೂ ಸೀನಿದರೆ ಮೇಲಿನವರು ಬೆಚ್ಚಬೇಕು. ಆ ಮೇಲಿನ ಒಂದು ಕೋಣೆಯಲ್ಲಿ ನಾನು, ಅಂಬುಜಾಕ್ಷಿ, ಬಾಡಿಗೆಗಿದ್ದೇನೆ. ನನ್ನ ಯಜಮಾನರು ವೇದವ್ಯಾಸರು ಕಂಟೋನ್ಮೆಂಟ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿದ್ದರು. ಅವರು ತೀರಿಕೊಂಡ ಮೇಲೆ ಧಾರವಾಡಕ್ಕೆ ವಾಪಸು ಬಾ ಎಂದು ತಮ್ಮಂದಿರು ಕರೆದರು. ಅವರ ಹೆಂಡಂದಿರು ಕರೆಯಲಿಲ್ಲ. ಹಾಗಾಗಿ ಇಲ್ಲೇ ಉಳಿದೆ. ನನ್ನ ಬಾಯಿಗೆ ಹೆದರಿ ಗಲ್ಲಿಯ ಹಾಲಿನವನು ಹಾಲಿಗೆ ನೀರು ಹಾಕುವುದಿಲ್ಲ. ಇಷ್ಟು ಹೇಳಿದರೆ ನನ್ನ ಪರಿಚಯ ಸಾಕು.

ಶ್ರೀರಮೆ ಆಚಾರ್ಯರ ಸೊಸೆ, ಅವರ ಮಗ ಬದರಿಯ ಹೆಂಡತಿ. ಸುರಪುರದ ಹುಡುಗಿ. ಬಿ.ಎ. ಓದುತ್ತಿದ್ದವಳನ್ನು ಮೊದಲ ವರ್ಷ ಮುಗಿಯುವ ಮೊದಲೇ ಮದುವೆ ಮಾಡಿ ಇಲ್ಲಿಗೆ ಕಳುಹಿಸಿದರು. ಬಂದ ದಿನದಿಂದ ಮಡಿ ಅಡಿಗೆ ಅವಳದೇ. ಅತ್ತೆ ತುಳಸಮ್ಮನಿಗೆ ಮಂಡಿನೋವು. ಕೂತಲ್ಲಿಂದಲೇ ಉಪ್ಪು ಹುಳಿ ಹೇಳುತ್ತಾರೆ. ಬೆಳಗಿನ ಜಾವ ತಣ್ಣೀರು ಸುರಿದುಕೊಂಡು, ಒಣಗಿಸಿ ಎತ್ತಿಟ್ಟ ಸೀರೆಯುಟ್ಟು ಒಳಗೆ ಹೋದರೆ ಯಾತ್ರಿಕರ ಊಟ ಮುಗಿಯುವ ತನಕ ಅವಳು ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಒಂದು ವಸ್ತುವನ್ನೂ ಮುಟ್ಟುವಂತಿಲ್ಲ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ, ಬೈಯುವುದೂ ಇಲ್ಲ. ಬೈದಿದ್ದರೆ ನಾನಾದರೂ ತಿರುಗಿ ನಾಲ್ಕು ಮಾತು ಆಡುತ್ತಿದ್ದೆ.

ಊರಲ್ಲಿ ದೇಶಕ್ಕೇ ಹೆಸರಾದ ವಿಶ್ವವಿದ್ಯಾಲಯ ಇದೆ. ನಮ್ಮ ಗಲ್ಲಿಯ ತುದಿಯಲ್ಲಿ ಆಟೋ ಹತ್ತಿದರೆ ಅದರ ದೊಡ್ಡ ಬಾಗಿಲಿನ ಎದುರು ಇಳಿಯಬಹುದು. ಅದನ್ನು ಬಿಟ್ಟು ಈ ಹುಡುಗಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ದಕ್ಷಿಣದಿಂದ ಹಾರಿ ಬರುವ ಪಾಠವನ್ನು ಬೇಳೆ ಕುದಿಯುವ ಸದ್ದಿನ ನಡುವೆ ಕೇಳುತ್ತ ನಿಲ್ಲುತ್ತಿದ್ದಳು. ಮನೆಬಿಟ್ಟು ಹೋಗದೆ ಓದುವುದಾದರೆ ಓದಲಿ ಎಂದು ಆಚಾರ್ಯರು ಒಪ್ಪಿದ್ದರು. ಬದರಿ ಮತ್ತೆ ಬಿ.ಎ.ಗೆ ಅವಳ ಹೆಸರು ಹಚ್ಚಿಸಿ, ತನ್ನ ಹಳೆಯ ಫೋನನ್ನು ಕೊಟ್ಟ. ಬದರಿ ಒಳ್ಳೆಯ ಹುಡುಗ. ಅಪ್ಪನ ಎದುರು ಮಾತ್ರ ಅವನ ಒಳ್ಳೆಯತನಕ್ಕೆ ದನಿಯೇ ಇಲ್ಲ.

ಪಾಠದ ಹೊತ್ತೇ ಅಡಿಗೆಯ ಹೊತ್ತು. ಫೋನನ್ನು ಹೊಸ್ತಿಲ ಹೊರಗೆ ಗೋಡೆಯ ಗೂಡಿನಲ್ಲಿ ನಿಲ್ಲಿಸುತ್ತಿದ್ದರು. ಒಳಗಿನಿಂದ ಅವಳಿಗೆ ಪರದೆ ಕಾಣುತ್ತಿತ್ತು. ಗೋಪಿನಾಥ ಸರ್ ಎನ್ನುವ ಮೇಷ್ಟ್ರು ಅದರಲ್ಲಿ ಬೆರಳುದ್ದ ಕಾಣಿಸಿಕೊಂಡು ಮಗಧ, ಕೋಸಲ, ಕಾಶಿ ಎಂದು ಹೇಳುತ್ತಿದ್ದರು. ನಡುನಡುವೆ ಪಾಠ ತಾನಾಗಿ ನಿಂತು ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತಿತ್ತು: ನೀವು ಇದ್ದೀರಾ? ನಿಮಿಷದೊಳಗೆ 'ಇದ್ದೇನೆ' ಎಂದು ಒತ್ತಬೇಕು. ಇಲ್ಲದಿದ್ದರೆ ಆ ದಿನ ಗೈರು. ಗೈರು ಹೆಚ್ಚಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮೊದಲು ಅವಳು ಮರದ ಸೌಟಿನ ತುದಿಯಿಂದ ಒತ್ತಿ ನೋಡಿದಳು. ಫೋನು ಕೇಳಲಿಲ್ಲ. ತುಳಸಿ ಕಡ್ಡಿಯಿಂದ ಒತ್ತಿದಳು. ಅದಕ್ಕೂ ಕೇಳಲಿಲ್ಲ. ಅದಕ್ಕೆ ಮನುಷ್ಯರ ಚರ್ಮವೇ ಆಗಬೇಕಂತೆ. ಚರ್ಮ ತಾಗಿದರೆ ಇವಳ ಮಡಿ ಕೆಡುತ್ತದೆ, ಅಷ್ಟೂ ಅಡಿಗೆ ಕೆಡುತ್ತದೆ, ಮತ್ತೆ ಸ್ನಾನ, ಮತ್ತೆ ಒಲೆ.

ಒಂದು ದಿನ ನಾನು ಕೊತ್ತಂಬರಿ ಕೇಳಲು ಕೆಳಗಿಳಿದಾಗ ಅವಳು ಹೊಸ್ತಿಲಲ್ಲಿ ನಿಂತು ಎರಡೂ ಕೈ ಚಾಚಿ ಫೋನನ್ನು ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು.

"ಕಾಕು, ಒತ್ತರಿ! ಲಗೂ ಒತ್ತರಿ!" ಎಂದಳು.

ನಾನು ಒತ್ತಿದೆ. ಮೇಷ್ಟ್ರು ಮತ್ತೆ ಮಾತಾಡತೊಡಗಿದರು. ಅಂದಿನಿಂದ ಅವಳ ಹಾಜರಿ ನನ್ನ ಬೆರಳಿಗೆ ಬಂತು. ಅಡಿಗೆಮನೆಯ ಹೊರಗೆ ಮಣೆ ಹಾಕಿಕೊಂಡು ಬತ್ತಿ ಹೊಸೆಯುತ್ತ ಕೂತಿರುತ್ತಿದ್ದೆ. ನೀವು ಇದ್ದೀರಾ ಎಂದು ಅದು ಕೇಳಿದರೆ ಇದ್ದೇನೆ ಎಂದು ನಾನು ಹೇಳುತ್ತಿದ್ದೆ. ಇದ್ದವಳು ಅವಳು, ಹೇಳಿದವಳು ನಾನು. ಇದರಲ್ಲಿ ಮೋಸ ಎಲ್ಲಿದೆ? ಹೀಗೆ ಕೂತು ಕೂತು ಈ ವಯಸ್ಸಿನಲ್ಲಿ ನನಗೂ ಒಂದಿಷ್ಟು ಇತಿಹಾಸ ತಲೆಗೆ ಹತ್ತಿತು. ನನಗೇನೂ ಬೇಕಿರಲಿಲ್ಲ.

ಅವಳಿಗೆ ಯಾಕೆ ಬೇಕಿತ್ತು ಎಂದು ಒಮ್ಮೆ ಕೇಳಿದ್ದೆ. ಯಾತ್ರಿಕರಿಲ್ಲದ ದಿನ, ಮೇಲೆ ನನ್ನ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದಳು.

"ಈ ಮನ್ಯಾಗ ದಿನಾ ಹೆಸರು ಕೇಳ್ತೀನಲ್ರಿ ಕಾಕು," ಎಂದಳು. "ಅಪ್ಪನ ಹೆಸರು, ಅಜ್ಜನ ಹೆಸರು, ಮುತ್ತಜ್ಜನ ಹೆಸರು. ಮೂರು ತಲಿ ಆತು ಅಂದ್ರ ಮುಗೀತು. ಅದರಾಚೆ ಯಾರ ಹೆಸರೂ ಯಾರಿಗೂ ಬ್ಯಾಡ. ಇನ್ನ ನಮ್ಮ ಹೆಸರು ಹೇಳೋರು ಮೊದಲಽ ಇಲ್ಲ."

"ಅದಕ್ಕ?"

"ಇತಿಹಾಸದಾಗ ಹಂಗಿಲ್ರಿ. ಸಾರನಾಥದಾಗ ಒಬ್ಬಾಕಿ ಯಾರೋ ಒಂದು ಕಂಬಕ್ಕ ದಾನ ಕೊಟ್ಟಿದ್ರ, ಆಕಿ ಹೆಸರು ಇನ್ನೂ ಓದ್ತಾರಂತ. ಮಕ್ಕಳು ಮರಿ ಇದ್ರೋ ಇಲ್ಲೋ ಯಾರೂ ಕೇಳೂದಿಲ್ಲ."

ನಾನು ಚಹಾದ ಲೋಟ ಎತ್ತಿಕೊಂಡು ತೊಳೆಯಲು ಹೋದೆ. ಸಾರನಾಥಕ್ಕೆ ಇಲ್ಲಿಂದ ಆಟೋದಲ್ಲಿ ಹೋಗಿ ಸಂಜೆಯೊಳಗೆ ಬರಬಹುದು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವಳು ನೋಡಿರಲಿಲ್ಲ. ಪರೀಕ್ಷೆ ಮುಗಿಯಲಿ, ನಾನೇ ಕರಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ.

ಇನ್ನೊಂದು ಮಾತು ಆಚಾರ್ಯರು ಕೊಟ್ಟಿದ್ದರು. ಅದು ದೊಡ್ಡ ಮಾತು. ಎರಡು ವರ್ಷದ ಪರೀಕ್ಷೆಗಳಲ್ಲಿ ಅವಳಿಗೆ ಬಂದ ಅಂಕ ನೋಡಿ ಅವರಿಗೂ ಒಳಗೊಳಗೆ ಹೆಮ್ಮೆಯಾಗಿತ್ತು. ಒಂದು ಸಂಜೆ ಅಂಗಳದಲ್ಲಿ ಎಲ್ಲರ ಎದುರು ಹೇಳಿದರು:

"ಇದೊಂದು ಮುಗಿಸಲಿ. ಪಾಸಾದ್ರ ಇಲ್ಲೇ ಯೂನಿವರ್ಸಿಟಿಗೆ ಎಂ.ಎ. ಓದಲಿಕ್ಕೆ ಹೋಗಲಿ. ಅಡಿಗಿಗೆ ಬ್ಯಾರೆ ಯಾರನ್ನರ ನೋಡೋಣಂತ. ಆದ್ರ ಒಂದಽ ಸಲ. ಆಗಲಿಲ್ಲೋ, ಈ ವಿಚಾರ ಅಲ್ಲಿಗೇ ಬಿಟ್ಟಬಿಡಬೇಕು."

ಶ್ರೀರಮೆ ಆ ರಾತ್ರಿ ಜಾಲರಿಯ ಹತ್ತಿರ ಬಂದು ನನ್ನನ್ನು ಕರೆದು, "ಬೆಂಚಿನ ಮ್ಯಾಲೆ ಕೂತು ಪಾಠ ಕೇಳೂದು ಹ್ಯಾಂಗಿರ್ತದೋ ಮರತಽ ಹೋಗ್ಯದ ಕಾಕು," ಎಂದು ನಕ್ಕಳು. ಹಿಂದೆ ಎಂದೂ ಅವಳು ಅಷ್ಟು ದೊಡ್ಡದಾಗಿ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನನಗೂ ಅವಳಷ್ಟೇ ಸಂತೋಷವಾಗಿತ್ತು.

ಮೂರನೆಯ ವರ್ಷದ್ದೂ ಮುಗಿಯುತ್ತ ಬಂದು, ಉಳಿದದ್ದು ಕೊನೆಯ ಒಂದು ಪತ್ರಿಕೆ. ಅದು ಆಗಸ್ಟಿನಲ್ಲಿ ನಡೆಯಬೇಕಿತ್ತು. ಮುಂದಕ್ಕೆ ಹಾಕಿದರು. ಮತ್ತೂ ಮುಂದಕ್ಕೆ ಹಾಕಿದರು. ಕೊನೆಗೆ ಗೊತ್ತುಮಾಡಿದ ದಿನ ನೋಡಿದರೆ ಮಹಾಲಯ ಅಮಾವಾಸ್ಯೆ! ನಮ್ಮ ಪಾಲಿಗೆ ವರ್ಷದಲ್ಲಿ ಅದಕ್ಕಿಂತ ಗದ್ದಲದ ದಿನ ಇನ್ನೊಂದಿಲ್ಲ. ಸತ್ತ ತಿಥಿ ಗೊತ್ತಿಲ್ಲದವರು, ವರ್ಷವಿಡೀ ಮರೆತವರು, ಎಲ್ಲರೂ ಅಂದು ಕಾಶಿಗೆ ನುಗ್ಗುತ್ತಾರೆ. ಪರೀಕ್ಷೆ ಮಧ್ಯಾಹ್ನ ಎರಡಕ್ಕೆ. ಶ್ರಾದ್ಧವೂ ಮಧ್ಯಾಹ್ನದ್ದೇ.

ಪರೀಕ್ಷೆಯ ನಿಯಮಗಳನ್ನು ಕೇಳಿದರೆ ಮೈ ಉರಿಯುತ್ತದೆ. ಕೋಣೆಯಲ್ಲಿ ಒಬ್ಬಳೇ ಇರಬೇಕು. ಫೋನಿನ ಕಣ್ಣು ಅವಳ ಮುಖವನ್ನೂ ಕೈಯನ್ನೂ ನೋಡುತ್ತಿರಬೇಕು. ಆ ಕಡೆ ಈ ಕಡೆ ನೋಡಬಾರದು. ಯಾರ ಹತ್ತಿರವೂ ಮಾತಾಡಬಾರದು. ಕಾಗದದ ಮೇಲೆ ಬರೆದು ಕೊನೆಗೆ ಹಾಳೆಗಳ ಫೋಟೋ ಕಳುಹಿಸಬೇಕು. ಕಾವಲು ಕಾಯುವುದು ಮನುಷ್ಯನಲ್ಲ, ಯಂತ್ರ. ಹಿಂದೆ ಗದ್ದಲವಿದ್ದರೆ ಪರವಾಗಿಲ್ಲ, ಅದು ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತದೆ. ಹೊರಗಿನವರು ಏನಾದರೂ ಕೇಳಿ, ಪರೀಕ್ಷೆ ಬರೆಯುವವರು ಉತ್ತರ ಕೊಟ್ಟರೆ ಮಾತ್ರ ಅಲ್ಲಿಗೇ ಮುಗಿಯಿತು. ಇದನ್ನೆಲ್ಲ ಬದರಿ ಓದಿ ಅಪ್ಪನಿಗೆ ಬಿಡಿಸಿ ಹೇಳಿದ. ಆಚಾರ್ಯರು ತಲೆದೂಗಿ ಕೇಳಿದರು. ನನ್ನ ಕೋಣೆಯಲ್ಲಿ ಬರೆಯುವುದೆಂದು ತೀರ್ಮಾನವಾಯಿತು.

ಒಂದು ತೊಡಕು ಇತ್ತು. ಅದನ್ನು ಇಲ್ಲಿ ಹೇಳಬೇಕು. ಆ ಮನೆಯಲ್ಲಿ ಹಳೆಯ ಪದ್ಧತಿ ಒಂದಿದೆ. ಬೇರೆ ಮನೆಗಳಲ್ಲಿ ನಾನು ಕಂಡಿಲ್ಲ. ಎಲೆ ಹಾಕಿ, ಪಿತೃಗಳನ್ನು ಕರೆದಾದ ಮೇಲೆ, ಬಡಿಸುವ ಮೊದಲು ಆಚಾರ್ಯರು ಅಡಿಗೆಮನೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಕೇಳುತ್ತಾರೆ, "ಪಾಕ ಸಿದ್ಧವೋ?" ಅಡಿಗೆ ಮಾಡಿದವಳೇ "ಸಿದ್ಧ" ಎನ್ನಬೇಕು. ಅವಳ ಪರವಾಗಿ ಬೇರೆಯವರು ಹೇಳುವಂತಿಲ್ಲ. ಅವಳು ಹೇಳದ ಹೊರತು ಒಂದು ಅಗುಳೂ ಎಲೆಗೆ ಬೀಳುವಂತಿಲ್ಲ. ಕೇಳದ ಅನ್ನ ಪಿತೃಗಳಿಗೆ ಮುಟ್ಟುವುದಿಲ್ಲವಂತೆ. ಹನ್ನೆರಡು ವರ್ಷದಿಂದ ಶ್ರೀರಮೆ ಹೇಳುತ್ತಿದ್ದ ಉತ್ತರ ಅದು. ವಾರದಲ್ಲಿ ಎಷ್ಟು ಸಲವೋ.

"ಎರಡರ ಒಳಗ ಕೇಳಿ ಮುಗಸ್ತೀನಿ. ನೀ ಸಿದ್ಧ ಅಂತ ಹೇಳಿ ಮ್ಯಾಲೆ ಹೋಗು. ಬಡಸೂದು ತುಳಸಿ ನೋಡಿಕೋತಾಳ," ಎಂದರು ಆಚಾರ್ಯರು. ಎಲ್ಲರಿಗೂ ಸಮಾಧಾನವಾಯಿತು.

ಆ ವರ್ಷ ಗಂಗೆ ಇನ್ನೂ ಇಳಿದಿರಲಿಲ್ಲ. ಘಾಟಿನ ಮೆಟ್ಟಿಲುಗಳೆಲ್ಲ ನೀರೊಳಗಿದ್ದವು. ನದಿ ದಡದಲ್ಲಿ ಆಗಬೇಕಾದ ಕೆಲಸವೆಲ್ಲ ಗಲ್ಲಿಯ ಮನೆಗಳಿಗೆ ಬಂದು, ಕಾಲಿಡಲು ಜಾಗವಿರಲಿಲ್ಲ. ನಮ್ಮ ಮನೆಗೆ ಬರಬೇಕಾದ ಗಂಗಾವತಿಯ ಕುಟುಂಬದವರು ಸ್ನಾನಕ್ಕೆ ಹೋದವರು ಜನರ ನಡುವೆ ಸಿಕ್ಕಿಕೊಂಡರು. ಶ್ರೀರಮೆ ನಸುಕಿನಲ್ಲೇ ಒಲೆ ಹಚ್ಚಿ ವಡೆ, ಪಾಯಸ, ಬಾಳೆಕಾಯಿ ಪಲ್ಯ ಎಲ್ಲ ಮುಗಿಸಿ ಹೊಸ್ತಿಲಲ್ಲಿ ಕಾದು ನಿಂತಿದ್ದಳು. ಒಂದು ಹೊಡೆಯಿತು. ಒಂದೂವರೆಯಾಯಿತು. ಯಾತ್ರಿಕರು ಬಂದು ಕೈಕಾಲು ತೊಳೆಯುವಾಗ ಎರಡಕ್ಕೆ ಸ್ವಲ್ಪವೇ ಉಳಿದಿತ್ತು.

"ನೀ ಹೋಗು," ಎಂದ ಬದರಿ. "ಅಪ್ಪಗ ನಾ ಹೇಳ್ತೀನಿ. ಇವತ್ತೊಂದಿನ ಅವ್ವನ್ನ ಕೇಳಲಿ."

ಶ್ರೀರಮೆ ಅತ್ತೆಯ ಮುಖ ನೋಡಿದಳು. ತುಳಸಮ್ಮ ಹೂಂ ಎಂದರು. ಅವಳು ಮಡಿಸೀರೆಯಲ್ಲೇ ಮೆಟ್ಟಿಲೇರಿ ಬಂದು ನನ್ನ ಕೋಣೆ ಹೊಕ್ಕಳು. ನಾನು ಹೊರಗಿನಿಂದ ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕಾವಲು ಕೂತೆ. ಬೆಕ್ಕು ಬಂದರೂ ಅಟ್ಟಬೇಕೆಂದು ಕೋಲು ಹಿಡಿದಿದ್ದೆ.

ಕೆಳಗೆ ಮಂತ್ರ ಸುರುವಾಯಿತು. ಜಾಲರಿಯ ಮೂಲಕ ಒಂದೊಂದು ಅಕ್ಷರವೂ ಕೇಳುತ್ತಿತ್ತು. ಬದರಿ ಅಪ್ಪನ ಪಕ್ಕ ಕೂತು ದರ್ಭೆ ಕೊಡುತ್ತಿದ್ದ. ಅವನು ಹೇಳಿದನೋ ಇಲ್ಲವೋ ನನಗೆ ಕಾಣಲಿಲ್ಲ. ಆಮೇಲೆ ಕೇಳಿದಾಗ, ಹೇಳಿದ್ದೆ, ಅಪ್ಪ ಹೂಂ ಅಂದಿದ್ದರು ಎಂದ. ಇರಬಹುದು. ಆಚಾರ್ಯರು ಬೆಳಗಿನಿಂದ ನೀರು ಕೂಡ ಕುಡಿಯದೆ ಅದು ಎಷ್ಟನೆಯದೋ ಶ್ರಾದ್ಧ ಮಾಡಿಸುತ್ತಿದ್ದರು. ಎಪ್ಪತ್ತು ದಾಟಿದ ಜೀವ. ಒಳಗೆ ಪೆನ್ನಿನ ಸರಸರ ಸದ್ದು ಕೇಳುತ್ತಿತ್ತು. ಚೆನ್ನಾಗಿ ಬರೆಯುತ್ತಿದ್ದಾಳೆ ಎಂದು ನನಗೆ ಖುಷಿ. ಸಾರನಾಥಕ್ಕೆ ಹೋಗುವಾಗ ಬುತ್ತಿಗೆ ಏನು ಕಟ್ಟಲಿ ಎಂದು ಯೋಚಿಸುತ್ತಿದ್ದೆ.

ಆಗ ಕೆಳಗಿನಿಂದ ಆಚಾರ್ಯರ ದನಿ ಎದ್ದಿತು.

"ಪಾಕ ಸಿದ್ಧವೋ?"

ನನ್ನ ಬಾಗಿಲ ಹಿಂದಿನಿಂದ, ತಡವಿಲ್ಲದೆ, ಸ್ಪಷ್ಟವಾಗಿ ಉತ್ತರ ಬಂತು.

"ಸಿದ್ಧ!"

ಪೆನ್ನಿನ ಸದ್ದು ನಿಂತಿತು. ಫೋನು ಟಣ್ ಎಂದಿತು. ಕೆಳಗೆ ಬಡಿಸುವ ಸಪ್ಪಳ ಸುರುವಾಯಿತು. ಅವರಿಗೇನೂ ಗೊತ್ತಾಗಲೇ ಇಲ್ಲ. ದಿನದಂತೆ ಕೇಳಿದರು, ದಿನದಂತೆ ಉತ್ತರ ಬಂತು, ಪಾಯಸ ಎಲೆಗೆ ಬಿತ್ತು.

ನಾನು ಬಾಗಿಲು ತೆರೆದೆ. ಪರದೆ ಕೆಂಪಾಗಿತ್ತು. ಬೇರೆ ವ್ಯಕ್ತಿಯೊಂದಿಗೆ ಸಂಭಾಷಣೆ ಕಂಡುಬಂದಿದೆ, ಪರೀಕ್ಷೆ ಮುಕ್ತಾಯಗೊಳಿಸಲಾಗಿದೆ ಎಂದು ಬರೆದಿತ್ತು. ಶ್ರೀರಮೆ ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಆಡಿದ ಮಾತನ್ನು ಒಳಗೆ ತಳ್ಳುವವಳ ಹಾಗೆ.

"ನಾ ಹೇಳಿದ್ನೇನ್ರಿ ಕಾಕು?" ಎಂದಳು. "ನಾ ಹೇಳಿದ್ನಾ?"

ಹೂಂ ಎಂದೆ. ಅವಳು ಕಿರುಚಲಿಲ್ಲ, ಅಳಲಿಲ್ಲ. ಪೆನ್ನು ಎತ್ತಿಕೊಂಡು ಅರ್ಧಕ್ಕೆ ನಿಂತ ಸಾಲನ್ನು ಮುಂದುವರಿಸಿದಳು. ನೋಡುವ ಕಣ್ಣು ಮುಚ್ಚಿದ್ದರೂ, ಹೊತ್ತು ಮುಗಿಯುವ ತನಕ, ಕೇಳಿದ ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಈ ಊರಿನಲ್ಲಿ ಇಷ್ಟು ವರ್ಷದಲ್ಲಿ ಎಷ್ಟೋ ಹೆಣ ನೋಡಿದ್ದೇನೆ. ಅಂದು ನೋಡಿದ್ದನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ. ಬರೆದು ಮುಗಿಸಿ ಹಾಳೆಗಳನ್ನು ಜೋಡಿಸಿ, "ನಿಮ್ಮ ಖೋಲಿಯಾಗಽ ಇರಲಿ," ಎಂದು ನನ್ನ ಕೈಗೆ ಕೊಟ್ಟು ಪಾತ್ರೆ ತೊಳೆಯಲು ಇಳಿದು ಹೋದಳು.

ಸಂಜೆ ವಿಷಯ ತಿಳಿದಾಗ ಆಚಾರ್ಯರು ಬೆಳ್ಳಗಾದರು. "ನಾ ಅಕೀನ್ನ ಕೇಳಬೇಕಂತ ಕೇಳಲಿಲ್ಲೋ. ಬಾಯಿಗೆ ಬಂತು, ಕೇಳಿದೆ," ಎಂದರು. ಶ್ರೀರಮೆ ಗೋಡೆಗೆ ಒರಗಿ ನಿಂತು, "ನನಗೂ ಬಾಯಿಗೆ ಬಂತು ಮಾವನವರ," ಎಂದಳು. ಇಬ್ಬರಲ್ಲಿ ಯಾರನ್ನು ಬೈಯಬೇಕೋ ಗೊತ್ತಾಗದೆ ನಾನು ಬದರಿಯನ್ನು ಬೈದೆ. ಅವನು ತಲೆ ತಗ್ಗಿಸಿ ಬೈಸಿಕೊಂಡ.

ಬದರಿ ಆ ಕಾಲೇಜಿಗೆ ಮೇಲಿಂದ ಮೇಲೆ ಬರೆದ. ಕೊನೆಗೆ ಒಂದು ದಿನ ವಿಚಾರಣೆ ಇಟ್ಟರು. ಅದೂ ಫೋನಿನಲ್ಲೇ. ಪರೀಕ್ಷಾ ವಿಭಾಗದ ಗಗನಾ ಮೇಡಂ ಎಂಬುವರು ಕೇಳುತ್ತಾರೆ, ದನಿ ಯಾರದೋ ಅವರೂ ಹಾಜರಿರಬೇಕು ಎಂದು ತಿಳಿಸಿದ್ದರು. ಆಚಾರ್ಯರು ಅಂದು ಬೆಳಿಗ್ಗೆಯೇ ಶಾಲು ಹೊದ್ದು, ಗೋಪೀಚಂದನದ ಮುದ್ರೆ ಹಚ್ಚಿಕೊಂಡು ಸಿದ್ಧರಾಗಿ ಕೂತರು. ಕೋರ್ಟಿಗೆ ಹೋಗುವವರ ಗಾಂಭೀರ್ಯ. "ಹೆದರಬ್ಯಾಡವಾ. ನಾ ನಿನ್ನ ಕಡೆ ಹೇಳ್ತೀನಿ," ಎಂದರು ಸೊಸೆಗೆ. ಹಾಗೆ ಅವರು ಅವಳಿಗೆ ಅಭಯ ಕೊಟ್ಟದ್ದನ್ನು ನಾನು ಮೊದಲ ಸಲ ಕೇಳಿದೆ. ಅವಳ ಕಣ್ಣು ತುಂಬಿತು.

ಮೇಡಂ ಚಿಕ್ಕ ವಯಸ್ಸಿನವರು. ಮುಖದಲ್ಲಿ ಕೆಡುಕು ಇರಲಿಲ್ಲ. ಅಂದಿನ ದನಿಯನ್ನು ಮತ್ತೆ ಕೇಳಿಸಿದರು. ಪಾಕ ಸಿದ್ಧವೋ? ಸಿದ್ಧ!

"ಏನು ಕೇಳ್ತಿದ್ದಾರೆ ಇಲ್ಲಿ?"

"ಅಡಿಗಿ ಆಗ್ಯದೇನು ಅಂತ ಕೇಳ್ತಾರ್ರಿ. ಶ್ರಾದ್ಧದಾಗ ಕೇಳೂ ಪದ್ಧತಿ ಅದ. ನಾ ಹೇಳಿದ್ದು ಗೊತ್ತಿಲ್ಲದಽರಿ," ಎಂದಳು ಶ್ರೀರಮೆ.

ಮೇಡಂ ಸ್ವಲ್ಪ ಯೋಚಿಸಿದರು. "ನೋಡಿ, ನನಗೆ ಅರ್ಥವಾಗುತ್ತೆ. ಅಭ್ಯಾಸಬಲದಿಂದ, ಗೊತ್ತಿಲ್ಲದೆ ಬಾಯಿಗೆ ಬಂದದ್ದು ಅಂತ ಖಚಿತವಾದರೆ ನಾನು ಮರುಪರೀಕ್ಷೆಗೆ ಬರೆದು ಕೊಡಬಹುದು. ಕೇಳಿದವರೂ ಹಾಗೇ ಹೇಳಬೇಕು. ಸರ್ ಇದ್ದಾರಾ?"

ನಾವೆಲ್ಲ ಉಸಿರು ಬಿಟ್ಟೆವು. ಬದರಿ ಫೋನನ್ನು ಅಪ್ಪನ ಕಡೆ ತಿರುಗಿಸಿದ. ಆಚಾರ್ಯರು ಬೆನ್ನು ನೆಟ್ಟಗೆ ಮಾಡಿದರು.

"ಸರ್, ನಿಮ್ಮ ಸೊಸೆ ಗೊತ್ತಿಲ್ಲದೆ ಉತ್ತರ ಕೊಟ್ಟರು ಅಂತಾರೆ. ಹೌದಾ?"

"ಗೊತ್ತಿಲ್ಲದ?" ಎಂದರು ಆಚಾರ್ಯರು. ಅವರ ಮುಖಕ್ಕೆ ಪೆಟ್ಟು ಬಿದ್ದಂತಾಯಿತು. ಸೊಸೆಯ ಮೇಲೆ ಯಾರೋ ಅಪವಾದ ಹೊರಿಸಿದರು ಎಂದುಕೊಂಡರು. "ಇಲ್ಲ ತಾಯಿ. ಹಂಗ ಅನ್ನಬ್ಯಾಡ್ರಿ. ಹನ್ನೆರಡು ವರ್ಷ ಆತು, ಈಕಿ ಒಂದು ದಿನಾನೂ ಮೈಮರೆತು ಸಿದ್ಧ ಅಂದಾಕಿ ಅಲ್ಲ. ಗೊತ್ತಿದ್ದಽ ಹೇಳ್ತಾಳ. ಮನಸ್ಸಿಟ್ಟು ಹೇಳ್ತಾಳ. ಮನಸ್ಸಿಲ್ಲದ ಹೇಳಿದ್ರ ಅದು ಪಿತೃಗಳಿಗೆ ಮುಟ್ಟೂದಽ ಇಲ್ಲ."

"ಅಪ್ಪಾ..." ಎಂದ ಬದರಿ.

"ನೀ ಸುಮ್ಮನಿರು. ಈಕಿ ಪರವಾಗಿ ನಾ ಹೇಳದಿದ್ರ ಯಾರು ಹೇಳಬೇಕು?" ಆಚಾರ್ಯರು ಫೋನಿನ ಕಡೆ ಬಾಗಿದರು. "ತಾಯಿ, ಆ ದಿನ ಈಕಿ ಉತ್ತರ ಕೊಟ್ಟದ್ದು ಸರಿ. ತಪ್ಪು ಅನ್ನಬ್ಯಾಡ್ರಿ. ಇಂಥ ಸೊಸಿ ಸಿಗೂದು ನಮ್ಮ ಪುಣ್ಯ."

"ಅಂದರೆ ಪರೀಕ್ಷೆ ನಡೆಯುತ್ತಿದೆ ಅಂತ ಗೊತ್ತಿದ್ದೂ, ತಿಳಿದೇ ಉತ್ತರಿಸಿದರು ಅಂತೀರಾ?"

"ಹೌದು. ತಿಳದಽ," ಎಂದರು ಆಚಾರ್ಯರು ಗಟ್ಟಿಯಾಗಿ.

ನಾನು ಎದ್ದು ಅವರ ಬಾಯಿ ಮುಚ್ಚಬೇಕೆಂದುಕೊಂಡೆ. ಇಡೀ ಜನ್ಮದಲ್ಲಿ ಅವರು ಸೊಸೆಯನ್ನು ಹೊಗಳಿದ್ದು ಅದೊಂದೇ ಸಲ. ಅದೂ ಅವಳ ಎದುರಿಗೆ, ತುಂಬಿದ ಮನಸ್ಸಿನಿಂದ. ಬಾಯಿ ಮುಚ್ಚಿಸುವುದು ಹೇಗೆ? ನಾನು ಶ್ರೀರಮೆಯನ್ನು ನೋಡಿದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾವನವರಿಗೆ ಅರ್ಥವಾಗಿಲ್ಲ, ನಾನು ಮೈಮರೆತೇ ಹೇಳಿದೆ ಎಂದು. ಹಾಗೆ ಹೇಳಿದರೆ ಗಂಗಾವತಿಯವರ ಪಿತೃಗಳು ಅಂದು ಹಸಿದು ಹೋದರು ಎಂದಂತಾಗುತ್ತದೆ. ಆಚಾರ್ಯರು ಅದನ್ನು ಮಾಡಿಸಿದ್ದು ವ್ಯರ್ಥ ಎಂದಂತಾಗುತ್ತದೆ. ಅವಳು ಮುದುಕನ ಅರಳಿದ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ನೀವು ಏನಾದರೂ ಹೇಳಬೇಕಾ?" ಎಂದು ಮೇಡಂ ಕೇಳಿದರು. ಅವರಿಗೂ ಬೇಸರವಾಗಿತ್ತು. ಎರಡು ಸಲ ಕೇಳಿದರು.

"ಏನಿಲ್ರಿ," ಎಂದಳು ಶ್ರೀರಮೆ.

ವಾರದೊಳಗೆ ತೀರ್ಪು ಬಂತು. ಎರಡು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಅಷ್ಟರಲ್ಲಿ ಹೆಸರು ಹಚ್ಚಿದ ಅವಧಿ ಮುಗಿಯುತ್ತದೆ. ಬೇಕಾದರೆ ಮತ್ತೆ ಮೊದಲ ವರ್ಷದಿಂದ ಓದಬೇಕು. ಆಚಾರ್ಯರಿಗೆ ಇಂದಿಗೂ ಅರ್ಥವಾಗಿಲ್ಲ. "ಇಷ್ಟು ಬಿಡಿಸಿ ಹೇಳಿದ್ರೂ ಆ ಹುಡುಗಿ ತಲಿಗೆ ಹೋಗಲಿಲ್ಲ ನೋಡು. ಧರ್ಮ ಗೊತ್ತಿಲ್ಲದ ಮಂದಿ," ಎಂದು ಬಂದವರ ಮುಂದೆ ಹೇಳುತ್ತಾರೆ. ಅವರಿಗೆ ತಿಳಿಸಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಗಲ್ಲಿಯೆಲ್ಲ ಹೆದರುವ ನನ್ನ ಬಾಯಿಗೆ ಇದೊಂದು ಮಾತು ಬರುವುದಿಲ್ಲ. ಒಂದೇ ಸಲ ಎಂದು ಅವರು ಆಡಿದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಎತ್ತಬೇಕಾದವಳು ಎತ್ತಲಿಲ್ಲ.

ಅವಳು ಆ ಹಾಳೆಗಳನ್ನು ಕೇಳಿ ತೆಗೆದುಕೊಂಡು ಗಂಗೆಗೆ ಬಿಡುತ್ತಾಳೇನೋ ಎಂದು ನಾನು ಹೆದರಿದ್ದೆ. ಅಂಥ ನಾಟಕ ಅವಳದಲ್ಲ. ಒಮ್ಮೆಯೂ ಕೇಳಲಿಲ್ಲ. ಕಾರ್ತಿಕದಲ್ಲಿ ಬಿಸಿಲು ಹಿತವಾದಾಗ, "ನಡಿ, ಸಾರನಾಥಕ್ಕ ಹೋಗಿ ಬರೋಣ. ಬುತ್ತಿ ನಾ ಕಟ್ಟತೀನಿ," ಎಂದೆ. "ಏನ್ ನೋಡೂದದ ಅಲ್ಲಿ ಕಾಕು, ಕಲ್ಲು," ಎಂದಳು. ಮೊದಲಿನ ಶ್ರೀರಮೆ ನನ್ನನ್ನು ಒಂದು ತಾಸು ಕೂರಿಸಿ ಆ ಕಲ್ಲಿನ ಕತೆ ಹೇಳುತ್ತಿದ್ದಳು. ನಾನು ಮೆಟ್ಟಿಲೇರಿದೆ.

ಮೊನ್ನೆ ಒಂದು ಶ್ರಾದ್ಧವಿತ್ತು. ನಾನು ಹಳೆಯ ರೂಢಿಯಂತೆ ಅಡಿಗೆಮನೆಯ ಹೊರಗೆ ಮಣೆ ಹಾಕಿ ಬತ್ತಿ ಹೊಸೆಯುತ್ತಿದ್ದೆ. ಫೋನು ಗೂಡಿನಲ್ಲೇ ಇತ್ತು. ಬದರಿ ಅದನ್ನು ಅಲ್ಲಿ ಚಾರ್ಜಿಗೆ ಹಾಕಿಟ್ಟಿದ್ದ. ಇದ್ದಕ್ಕಿದ್ದಂತೆ ಅದು ಬೆಳಗಿತು. ತೇರ್ಗಡೆಯಾಗದವರಿಗೆ ಮರುಪಾಠವಂತೆ. ಪರೀಕ್ಷೆಗೆ ಬೇಡವೆಂದ ಯಂತ್ರವೇ ಪಾಠಕ್ಕೆ ಅವಳ ಹೆಸರು ಸೇರಿಸಿತ್ತು. ಗೋಪಿನಾಥ ಸರ್ ಬೆರಳುದ್ದ ಕಾಣಿಸಿಕೊಂಡು ಮಗಧದಿಂದ ಸುರುಮಾಡಿದರು. ಶ್ರೀರಮೆ ತಿರುಗಿ ನೋಡಲಿಲ್ಲ. ವಡೆ ತಟ್ಟುತ್ತಿದ್ದಳು. ಒಂದು ಸಲ ಮಾತ್ರ ಕೈ ನಿಂತಿತು. ಮೇಷ್ಟ್ರು ಕಾಶಿಯ ರಾಜರ ಬಗ್ಗೆ ಏನೋ ಹೇಳುತ್ತಿದ್ದರು.

ಅಂಗಳದಿಂದ ಆಚಾರ್ಯರು ಕೇಳಿದರು, "ಪಾಕ ಸಿದ್ಧವೋ?"

"ಸಿದ್ಧ," ಎಂದಳು ಶ್ರೀರಮೆ.

ಅದೇ ಹೊತ್ತಿಗೆ ಪಾಠ ನಿಂತು ಪರದೆಯ ಮೇಲೆ ಪ್ರಶ್ನೆ ಬಂತು. ನೀವು ಇದ್ದೀರಾ? ನಾನು ಬತ್ತಿ ಬಿಟ್ಟು ಕೈ ಚಾಚಿದೆ.

"ಒತ್ತಲೇನವಾ?"

ಅವಳು ಎಣ್ಣೆಯ ಬಾಣಲೆಯಿಂದ ಕಣ್ಣೆತ್ತಲಿಲ್ಲ.

"ಬ್ಯಾಡ್ರಿ ಕಾಕು," ಎಂದಳು.

ನನ್ನ ಬೆರಳು ಪರದೆಯ ಹತ್ತಿರವೇ ನಿಂತಿತ್ತು. ನಿಮಿಷ ಮುಗಿಯಿತು. ಅವಳ ಹೆಸರಿನ ಎದುರು ಗೈರುಹಾಜರಿ ಎಂದು ಬಂತು. ಆಮೇಲೆ ಪರದೆ ಕಪ್ಪಾಯಿತು.